ಸಾಲದ ಪದವಿಗೆ ರೈತನ ಲೆಕ್ಕ

ಬಿತ್ತಿಗೆಗೆ ಬೀಜ ತರುವಾಗ ನಮ್ಮ ರೈತ ನಾಲ್ಕು ಅಂಗಡಿ ತಿರುಗುತ್ತಾನೆ. ಹೋದ ವರ್ಷ ಅದೇ ಬೀಜ ಹಾಕಿದವನ ಹೊಲಕ್ಕೆ ಹೋಗಿ ತೆನೆಯನ್ನು ಕೈಯಲ್ಲಿ ಹಿಡಿದು ನೋಡಿರುತ್ತಾನೆ. ಎತ್ತು ಕೊಳ್ಳುವುದಿದ್ದರಂತೂ ಹಲ್ಲು ಎಣಿಸದೆ, ನಡಿಗೆ ನೋಡದೆ ಹಗ್ಗ ಹಿಡಿಯುವವನಲ್ಲ. ಅಂಥವನೇ ಜೂನ್ ತಿಂಗಳಲ್ಲಿ ಮಗನನ್ನು ಕಾಲೇಜಿಗೆ ಹಚ್ಚುವಾಗ ಒಂದು ಬಣ್ಣದ ಕಾಗದ ನೋಡಿ ಆರು ಲಕ್ಷದ ಸಾಲಕ್ಕೆ ಸಹಿ ಹಾಕಿಬಿಡುತ್ತಾನೆ. ಇದು ನಮ್ಮ ಜತ್ತ ತಾಲೂಕಿನ ಮಾತಷ್ಟೇ ಅಲ್ಲ. ಅಕ್ಕಲಕೋಟೆಯಿಂದ ಆದವಾನಿಯವರೆಗೆ ಗಡಿಯ ಆಚೆ ಇರುವ ನಮ್ಮ ಜನರ ಊರೂರಿನಲ್ಲೂ ನಡೆದಿರುವ ಮಾತು. ಆದ್ದರಿಂದ ಒಕ್ಕಲುತನದ ಪುಟದಲ್ಲಿ ಕಾಲೇಜಿನ ಮಾತೇಕೆ ಎಂದು ಓದುಗ ಬಂಧುಗಳು ಕೇಳಬಾರದು. ಸಾಲದ ಕಾಗದದ ಮೇಲೆ ಬೀಳುವ ಸಹಿ ರೈತನದೇ.

ಹೋದ ವರ್ಷದ ಪ್ರವೇಶದ ದಿನಗಳಲ್ಲಿ ನಮ್ಮ ಓಣಿಯ ಒಬ್ಬ ರೈತ ಒಂದು ಕಡತ ಹಿಡಿದುಕೊಂಡು ಬಂದು ಕಟ್ಟೆಯ ಮೇಲೆ ಕುಳಿತ. "ಕಾಕಾ, ಇದರ ಮ್ಯಾಲೆ ನಿಮ್ಮದೊಂದು ಜಾಮೀನಿನ ಸಹಿ ಬೇಕಾಗೇದ. ಹುಡುಗನ್ನ ಪುಣೆಕ್ಕ ಬಿ.ಬಿ.ಎ. ಓದಸಾಕ ಕಳಸಾವ," ಎಂದ. ಹುಡುಗ ಕನ್ನಡ ಸಾಲಿಯಲ್ಲಿ ಕಲಿತವನು, ಲೆಕ್ಕದಲ್ಲಿ ಚುರುಕು, ಹನ್ನೆರಡನೆಯ ಇಯತ್ತೆಯಲ್ಲಿ ವಾಣಿಜ್ಯ ಶಾಖೆಯಿಂದ ಒಳ್ಳೆಯ ಗುಣ ಪಡೆದವನು. ಓದಬಾರದು ಎನ್ನಲು ಯಾರಿಗೂ ಬಾಯಿ ಬರುವಂತಿರಲಿಲ್ಲ. ಕಡತದೊಳಗಿನ ಬಣ್ಣದ ಪುಸ್ತಿಕೆಯಲ್ಲಿ ಟೈ ಕಟ್ಟಿಕೊಂಡ ಹುಡುಗರ ಚಿತ್ರಗಳಿದ್ದವು, ಕಲಿತವರಿಗೆಲ್ಲ ನೌಕರಿ ನಿಶ್ಚಿತ ಎಂಬ ಅಕ್ಷರಗಳಿದ್ದವು. ಎಷ್ಟು ಪಗಾರದ ನೌಕರಿ ಎಂಬುದು ಮಾತ್ರ ಯಾವ ಪುಟದಲ್ಲೂ ಇರಲಿಲ್ಲ. ನಾನು ಎರಡು ಸಲ ತಿರುವಿ ನೋಡಿದೆ.

ಬಹಳ ವರ್ಷ ಊರ ಸೊಸಾಯಿಟಿಯ ಲೆಕ್ಕ ಬರೆದವನಾದ್ದರಿಂದ ಸಹಿ ಹಾಕುವ ಮೊದಲು ಪೆನ್ನು ಕಾಗದ ತರಿಸಿದೆ. ಆ ಲೆಕ್ಕವನ್ನೇ ಇಲ್ಲಿ ಕೊಡುತ್ತೇನೆ. ನಿಮ್ಮ ಅಂಕಿಗಳು ಬೇರೆ ಇದ್ದಾವು, ದಾರಿ ಇದೇ.

ಫೀ ವರ್ಷಕ್ಕೆ 1,25,000 ರೂಪಾಯಿ. ವಸತಿ, ಊಟ, ಪುಸ್ತಕ, ಹೋಗಿಬರುವ ಖರ್ಚು ಸೇರಿ 85,000. ಮೂರು ವರ್ಷಕ್ಕೆ ಒಟ್ಟು 6,30,000. ನಾಲ್ಕು ಲಕ್ಷ ಮೀರಿದ ಸಾಲವಾದರೆ ನೂರಕ್ಕೆ ಐದರಷ್ಟು ನಾವು ಕೈಯಿಂದ ಹಾಕಬೇಕೆಂದು ಬ್ಯಾಂಕಿನ ನಿಯಮ. ಅದು ಸುಮಾರು 30,000. ಉಳಿದ ಆರು ಲಕ್ಷ ಸಾಲ. ಬಡ್ಡಿ ನೂರಕ್ಕೆ ಹತ್ತು ಎಂದು ಹಿಡಿಯೋಣ. ಓದುವ ಮೂರು ವರ್ಷ ಮತ್ತು ಓದು ಮುಗಿದ ಮೇಲೆ ಒಂದು ವರ್ಷ ಕಂತು ಕಟ್ಟಬೇಕಾಗಿಲ್ಲ ಎಂದು ಪುಸ್ತಿಕೆಯವನು ದೊಡ್ಡ ಉಪಕಾರದಂತೆ ಹೇಳಿದ್ದನಂತೆ. ಕಂತು ಇಲ್ಲ ನಿಜ, ಬಡ್ಡಿ ಇದೆ. ಮೊದಲ ವರ್ಷ ತೆಗೆದ ಎರಡು ಲಕ್ಷಕ್ಕೆ ನಾಲ್ಕು ವರ್ಷದ ಬಡ್ಡಿ 80,000. ಎರಡನೆಯ ವರ್ಷದ ಎರಡು ಲಕ್ಷಕ್ಕೆ ಮೂರು ವರ್ಷದ್ದು 60,000. ಕೊನೆಯ ಎರಡು ಲಕ್ಷಕ್ಕೆ ಎರಡು ವರ್ಷದ್ದು 40,000. ಇದು ಚಕ್ರಬಡ್ಡಿಯಲ್ಲ, ಸರಳಬಡ್ಡಿಯ ಲೆಕ್ಕ. ಅಂತೂ ಮೊದಲ ಕಂತು ಕಟ್ಟುವ ದಿನಕ್ಕೆ ಆರು ಲಕ್ಷ ಹೋಗಿ ಏಳು ಲಕ್ಷ ಎಂಬತ್ತು ಸಾವಿರ ಆಗಿರುತ್ತದೆ.

ಹತ್ತು ವರ್ಷದಲ್ಲಿ ತೀರಿಸುವುದಾದರೆ ತಿಂಗಳ ಕಂತು ಸುಮಾರು 10,300 ರೂಪಾಯಿ. ಹದಿನೈದು ವರ್ಷಕ್ಕೆ ಎಳೆದರೆ ಸುಮಾರು 8,400; ಆದರೆ ಆಗ ಒಟ್ಟು ಕಟ್ಟುವುದು ಹದಿನೈದು ಲಕ್ಷ ದಾಟುತ್ತದೆ. ಇಂದು ಹದಿನೆಂಟು ವರ್ಷದ ಹುಡುಗ ಆ ಸಾಲದಿಂದ ಬಿಡುಗಡೆ ಹೊಂದುವಾಗ ಮೂವತ್ತೇಳು ವರ್ಷದವನಾಗಿರುತ್ತಾನೆ.

ಈ 10,300ನ್ನು ಜೋಳದಲ್ಲಿ ಅಳೆದು ತೋರಿಸಿದೆ. 2025-26ಕ್ಕೆ ಸರಕಾರ ಕಟ್ಟಿದ ಮಾಲದಂಡಿ ಜೋಳದ ಬೆಂಬಲ ಬೆಲೆ ಕ್ವಿಂಟಲಿಗೆ 3,749 ರೂಪಾಯಿ. ವರ್ಷದ ಕಂತುಗಳೆಲ್ಲ ಸೇರಿ 1,23,600. ಅಂದರೆ 33 ಕ್ವಿಂಟಲ್ ಜೋಳ. ಅವನದು ಆರೆಕರೆ ಒಣ ಬೇಸಾಯ. ಮಳೆ ಸರಿಯಾಗಿ ಬಿದ್ದ ವರ್ಷ ಎಕರೆಗೆ ಐದು ಕ್ವಿಂಟಲ್ ಬಂದರೂ ಮೂವತ್ತು. ಬೀಜ, ಗೊಬ್ಬರ, ಕೂಲಿ ಒಂದನ್ನೂ ಕಳೆಯದೆ, ಮನೆಯವರು ಒಂದು ರೊಟ್ಟಿಯನ್ನೂ ತಿನ್ನದೆ ಇಡೀ ರಾಶಿಯನ್ನು ಬ್ಯಾಂಕಿಗೆ ಒಯ್ದರೂ ಮೂರು ಕ್ವಿಂಟಲ್ ಕಡಿಮೆ. ಅವನು ಬಹಳ ಹೊತ್ತು ಮಾತಾಡಲಿಲ್ಲ. ಆಮೇಲೆ, "ಅದನ್ನ ಹುಡುಗ ಪಗಾರದಾಗ ಕಟ್ಟತಾನಲ್ರಿ ಕಾಕಾ," ಎಂದ.

ಸರಿ, ಪಗಾರವನ್ನೇ ನೋಡೋಣ. ಪಟ್ಟಣದಲ್ಲಿ ಹೊಸದಾಗಿ ಸೇರುವ ಹುಡುಗನಿಗೆ ತಿಂಗಳಿಗೆ 18,000 ಸಿಕ್ಕಿತೆಂದು ಹಿಡಿದೆ. ಕೋಣೆಯ ಬಾಡಿಗೆ, ಊಟ, ಬಸ್ಸು ಎಂದು ಹೇಗೆ ಕೈ ಬಿಗಿಹಿಡಿದರೂ ಪುಣೆಯಂಥ ಊರಲ್ಲಿ ಹತ್ತು ಸಾವಿರಕ್ಕೆ ಕಡಿಮೆ ಆಗದು. ಉಳಿದ ಎಂಟು ಸಾವಿರದಲ್ಲಿ ಹತ್ತು ಸಾವಿರದ ಕಂತು ಕಟ್ಟುವ ವಿದ್ಯೆಯನ್ನು ಯಾವ ಕಾಲೇಜೂ ಕಲಿಸುವುದಿಲ್ಲ. ಪಗಾರ ಮುಂದೆ ಏರುತ್ತದೆ ಎಂಬುದು ಸುಳ್ಳಲ್ಲ. ಆದರೆ ಕಂತು ಏರುವ ಪಗಾರಕ್ಕಾಗಿ ಕಾಯುವುದಿಲ್ಲ, ಮೊದಲ ತಿಂಗಳಿನಿಂದಲೇ ಬಾಗಿಲಿಗೆ ಬರುತ್ತದೆ. ಆ ಎರಡು ಮೂರು ವರ್ಷವೇ ಮನೆ ಮುರಿಯುವ ವರ್ಷಗಳು.

ವ್ಯಾಪಾರ ವಿದ್ಯೆಗೆ ಬೆಲೆಯೇ ಇಲ್ಲವೆಂದು ನಾನು ಹೇಳುತ್ತಿಲ್ಲ. ನಮ್ಮ ರೈತರಿಗೆ ಸಮೀಪದ ಒಂದು ಅಳತೆಯನ್ನೇ ಕೊಡುತ್ತೇನೆ. 2020ರಲ್ಲಿ ಕೇಂದ್ರ ಸರಕಾರ ಹತ್ತು ಸಾವಿರ ರೈತ ಉತ್ಪಾದಕ ಸಂಘಗಳನ್ನು ಕಟ್ಟುವ ಯೋಜನೆ ತಂದಿತು. ಅದರ ನಿಯಮಗಳಲ್ಲಿ ಸಂಘದ ವ್ಯವಸ್ಥಾಪಕನು ಕೃಷಿ ಪದವೀಧರನೋ ಬಿ.ಬಿ.ಎ. ಅಥವಾ ಅದಕ್ಕೆ ಸಮನಾದ ಪದವಿಯವನೋ ಆಗಿರಬೇಕೆಂದೂ, ಅವನ ಪಗಾರಕ್ಕೆ ತಿಂಗಳಿಗೆ 25,000 ರೂಪಾಯಿಯವರೆಗೆ ನೆರವೆಂದೂ ಬರೆದಿದೆ. ಅದೇ ಸಂಘದ ಲೆಕ್ಕಿಗನಿಗೆ ಹನ್ನೆರಡನೆಯ ಇಯತ್ತೆಯವರೆಗೆ ಗಣಿತ ಇಲ್ಲವೆ ವಾಣಿಜ್ಯ ಓದಿದ್ದರೆ ಸಾಕು, ನೆರವು 10,000ದವರೆಗೆ. ಈ ನೆರವೂ ಮೂರು ವರ್ಷಕ್ಕೆ ಮಾತ್ರ. ಆಮೇಲೆ ಸಂಘ ತನ್ನ ಗಳಿಕೆಯಿಂದಲೇ ಕೊಡಬೇಕು. ಸರಕಾರವೇ ಕಟ್ಟಿದ ಈ ಎರಡು ಅಂಕಿಗಳ ನಡುವಿನ ಅಂತರ ಹದಿನೈದು ಸಾವಿರ. ಮೂರು ವರ್ಷದ ಪದವಿಗೆ ಅದು ಕಡಿಮೆ ಬೆಲೆಯಲ್ಲ. ಆದರೆ ಒಂದು ಸಂಘಕ್ಕೆ ವ್ಯವಸ್ಥಾಪಕ ಒಬ್ಬನೇ. ಆ ಕುರ್ಚಿ ಸಿಕ್ಕವನಿಗೂ 10,300ರ ಕಂತು ಕಟ್ಟಿದ ಮೇಲೆ ಉಳಿಯುವುದು 14,700. ಹಾಗಾದರೆ ಪದವಿಯಲ್ಲಿ ದೋಷವಿಲ್ಲ, ಅದನ್ನು ಕೊಂಡ ಬೆಲೆಯಲ್ಲಿದೆ. ಅದೇ ಪದವಿಯನ್ನು ಲಕ್ಷದೊಳಗೆ ಪಡೆದವನಿಗೆ ಅದೇ ಪಗಾರ ಪೂರಾ ಮನೆಗೆ ಬರುತ್ತದೆ.

ಈ ಮಾತಿಗೆ ಅಮೇರಿಕದ ಅನುಭವ ಒಳ್ಳೆಯ ಸಾಕ್ಷಿ. ಅಲ್ಲಿ ವ್ಯಾಪಾರ ವಿಷಯದಲ್ಲಿ ಎರಡು ವರ್ಷದ ಸಣ್ಣ ಪದವಿಯೊಂದಿದೆ. ಅದಕ್ಕೆ ಅಸೋಸಿಯೇಟ್ ಪದವಿ ಎನ್ನುತ್ತಾರೆ. ನಮ್ಮ ತಾಲೂಕು ಕಾಲೇಜುಗಳಂತೆ ಅಲ್ಲಿ ಜಿಲ್ಲೆಗೊಂದೆರಡು ಸಾರ್ವಜನಿಕ ಕಾಲೇಜುಗಳಿವೆ. ಹುಡುಗರು ಮನೆಯಿಂದಲೇ ಹೋಗಿ ಬರುತ್ತಾರೆ, ಬಹಳ ಜನ ಕೆಲಸ ಮಾಡುತ್ತಲೇ ಓದುತ್ತಾರೆ. 2023-24ರಲ್ಲಿ ಅಂಥ ಕಾಲೇಜಿನ ಸರಾಸರಿ ಫೀ ವರ್ಷಕ್ಕೆ 3,990 ಡಾಲರು. ಅಲ್ಲಿಯ ಕಾರ್ಮಿಕ ಇಲಾಖೆಯ ಲೆಕ್ಕದಂತೆ 2023ರಲ್ಲಿ ಹೈಸ್ಕೂಲಿಗೇ ನಿಲ್ಲಿಸಿದವರ ವಾರದ ನಡುಗಳಿಕೆ 899 ಡಾಲರು, ಎರಡು ವರ್ಷದ ಪದವಿ ಪಡೆದವರದು 1,058. ಇದು ವ್ಯಾಪಾರ ಓದಿದವರದಷ್ಟೇ ಅಲ್ಲ, ಎಲ್ಲ ವಿಷಯಗಳ, ಎಲ್ಲ ವಯಸ್ಸಿನ ಲೆಕ್ಕ. ಆದರೂ ವಾರಕ್ಕೆ 159ರ ಅಂತರವೆಂದರೆ ವರ್ಷಕ್ಕೆ ಎಂಟು ಸಾವಿರದ ಮೇಲೆ. ಎರಡು ವರ್ಷದ ಫೀ ಎಷ್ಟೋ ಅಷ್ಟು ಒಂದೇ ವರ್ಷದ ಹೆಚ್ಚಿನ ಗಳಿಕೆಯಲ್ಲಿ ಮರಳಿ ಬಂತು. ಇಂಥ ಪದವಿಗೆ ಸ್ವಲ್ಪ ಸಾಲ ಮಾಡಿದರೂ ಅಂಜಿಕೆಯಿಲ್ಲ.

ಆದರೆ ಅದೇ ತರದ ಪದವಿಗಳನ್ನು ಲಾಭಕ್ಕಾಗಿ ನಡೆಯುವ ಕಂಪನಿಗಳೂ ಅಲ್ಲಿ ಮಾರುತ್ತಿದ್ದವು, ಹಲವು ಪಟ್ಟು ಬೆಲೆಗೆ, ಸರಕಾರದ ಸಾಲ ಕೊಡಿಸಿ. ಕೊರಿಂಥಿಯನ್ ಕಾಲೇಜುಗಳು ಎಂಬ ದೊಡ್ಡ ಸರಪಳಿಯ ಮೇಲೆ 2013ರಲ್ಲಿ ಕ್ಯಾಲಿಫೋರ್ನಿಯಾ ರಾಜ್ಯ ದಾವೆ ಹೂಡಿತು. ಮುಖ್ಯ ಆರೋಪವೆಂದರೆ, ನೌಕರಿ ಸಿಕ್ಕವರ ಸಂಖ್ಯೆಯನ್ನು ಸುಳ್ಳು ಹೇಳಿ ಹುಡುಗರನ್ನು ಸೇರಿಸಿಕೊಂಡದ್ದು. 2015ರಲ್ಲಿ ಆ ಕಾಲೇಜುಗಳು ಬಾಗಿಲು ಹಾಕಿದವು. 2016ರಲ್ಲಿ ನ್ಯಾಯಾಲಯ ನೂರು ಕೋಟಿ ಡಾಲರಿಗೂ ಮಿಕ್ಕಿದ ತೀರ್ಪು ಕೊಟ್ಟಿತು. ಅಲ್ಲಿ ಓದಿದ 5,60,000 ಜನರ 580 ಕೋಟಿ ಡಾಲರ್ ಸಾಲವನ್ನು ಸರಕಾರ ತಾನೇ ಹೊತ್ತು ರದ್ದುಮಾಡಿದ್ದು 2022ರ ಜೂನಿನಲ್ಲಿ. ಕಾಲೇಜು ಮುಚ್ಚಿ ಏಳು ವರ್ಷದ ಮೇಲೆ! ಅಷ್ಟರವರೆಗೆ ಆ ಸಾಲ ಹುಡುಗರ ತಲೆಯ ಮೇಲೆಯೇ ಇತ್ತು. ನಮ್ಮ ಬ್ಯಾಂಕುಗಳಲ್ಲಿ ಏಳು ವರ್ಷ ಕಾದರೂ ಅಂಥ ದಿನ ಬಂದೀತೆಂದು ನಂಬಿ ಕೂಡುವವನು ಮೂಢ.

ಈ ಅನುಭವದಿಂದ ಅಲ್ಲಿಯವರು ಎರಡು ಕೆಲಸ ಮಾಡಿದರು. ಒಂದು, ಯಾವ ಕಾಲೇಜಿನಲ್ಲಿ ಕಲಿತವರ ಸಾಲ ಎಷ್ಟು, ಮುಂದೆ ಅವರ ಗಳಿಕೆ ಎಷ್ಟು ಎಂಬುದನ್ನು 2015ರಿಂದ ಎಲ್ಲರಿಗೂ ಕಾಣುವಂತೆ ಪ್ರಕಟಿಸತೊಡಗಿದರು. ಅದು ಕಾಲೇಜಿನವರ ಬಾಯಿಮಾತಲ್ಲ, ಸರಕಾರದ ತೆರಿಗೆ ದಾಖಲೆಯಿಂದ ತೆಗೆದದ್ದು. ಇನ್ನೊಂದು, ಇಂಥ ಕಾಲೇಜುಗಳಿಗೆ 2014ರಲ್ಲಿ ಒಂದು ಅಳತೆ ಹಾಕಿದರು: ವರ್ಷದ ಸಾಲದ ಕಂತು ವರ್ಷದ ಗಳಿಕೆಯ ನೂರಕ್ಕೆ ಎಂಟನ್ನು ಮೀರಬಾರದು, ಇಲ್ಲವೆ ಹೊಟ್ಟೆಬಟ್ಟೆಗೆ ಬಿಟ್ಟು ಉಳಿದ ಗಳಿಕೆಯ ನೂರಕ್ಕೆ ಇಪ್ಪತ್ತನ್ನು ಮೀರಬಾರದು. ಈ ನಿಯಮವನ್ನು 2019ರಲ್ಲಿ ಒಂದು ಸರಕಾರ ಕಿತ್ತುಹಾಕಿತು, 2023ರಲ್ಲಿ ಇನ್ನೊಂದು ಸರಕಾರ ಮತ್ತೆ ತಂದಿತು. 2025ರ ಕಾಯಿದೆ ಬೇರೊಂದು ಅಳತೆಯನ್ನು ಸೇರಿಸಿತು: ಪದವಿ ಪಡೆದವರ ಗಳಿಕೆ ಬರೀ ಹೈಸ್ಕೂಲು ಮುಗಿಸಿದವರ ಗಳಿಕೆಗಿಂತ ಕೆಳಗಿಳಿದರೆ ಆ ಶಿಕ್ಷಣಕ್ಕೆ ಸರಕಾರದ ಸಾಲ ನಿಲ್ಲಬೇಕು ಎಂದು. ಅಲ್ಲಿಯ ರಾಜಕಾರಣ ಅಲ್ಲಿರಲಿ. ಆ ಎಂಟರ ಅಳತೆಯನ್ನು ನಾವು ಬಳಸಬಾರದೆಂದೇನಿಲ್ಲವಲ್ಲ!

ನಮ್ಮ ಓಣಿಯ ಹುಡುಗನಿಗೆ ಅದನ್ನು ಹಚ್ಚಿ ನೋಡಿದೆ. 18,000ದ ಪಗಾರಕ್ಕೆ ನೂರಕ್ಕೆ ಎಂಟೆಂದರೆ 1,440 ರೂಪಾಯಿ ಕಂತು. ಅಷ್ಟು ಕಂತಿಗೆ ಹತ್ತು ವರ್ಷದಲ್ಲಿ ತೀರುವ ಸಾಲ ಒಂದು ಲಕ್ಷ ಒಂಬತ್ತು ಸಾವಿರ ಮಾತ್ರ. ಇದು ಬಹಳ ಬಿಗಿಯಾಯಿತು ಎನ್ನುವವರಿಗೆ ನನ್ನದೊಂದು ಸಡಿಲ ಅಳತೆ ಇದೆ: ಕಂತು ಸುರುವಾಗುವ ದಿನ ಬಡ್ಡಿ ಸೇರಿ ನಿಂತಿರುವ ಒಟ್ಟು ಸಾಲ, ಹುಡುಗನ ಮೊದಲ ವರ್ಷದ ಪಗಾರವನ್ನು ಮೀರಬಾರದು. ಇಲ್ಲಿ ಅದು 2,16,000. ಕಂತು ಸುಮಾರು 2,850. ಇದಕ್ಕೂ ಮಿಕ್ಕಿ ಹೋಗುವವನು ಮಗನ ಹೆಸರಿನಲ್ಲಿ ಜೂಜಾಡುತ್ತಿದ್ದಾನೆ. ಏಳು ಲಕ್ಷ ಎಂಬತ್ತು ಸಾವಿರ ಎಲ್ಲಿ, ಎರಡು ಲಕ್ಷ ಹದಿನಾರು ಸಾವಿರ ಎಲ್ಲಿ?

ಮೊದಲ ವರ್ಷದ ಪಗಾರ ಎಷ್ಟೆಂದು ತಿಳಿಯುವ ಬಗೆ ಹೇಗೆ? ಪುಸ್ತಿಕೆಯನ್ನು ಕೇಳಬೇಡಿ. ಅದರಲ್ಲಿ ಬರೆಯುವುದು ಒಬ್ಬನಿಗೆ ಸಿಕ್ಕ ಎಲ್ಲಕ್ಕಿಂತ ಹೆಚ್ಚಿನ ಪಗಾರ. ಹೋದ ವರ್ಷ, ಅದರ ಹಿಂದಿನ ವರ್ಷ ಅಲ್ಲಿಂದ ಹೊರಬಿದ್ದ ನಾಲ್ಕಾರು ಹುಡುಗರನ್ನು ಹುಡುಕಿ, ಕೈಗೆ ಬರುವ ಹಣವೆಷ್ಟು ಎಂದು ಕೇಳಿ. ಹತ್ತು ಊರಿನ ನಡುವೆ ಅಂಥವರು ಸಿಕ್ಕೇ ಸಿಗುತ್ತಾರೆ. ಇನ್ನೊಂದು ದಾರಿಯೂ ಇದೆ. ಕೇಂದ್ರ ಸರಕಾರ 2016ರಿಂದ ಎನ್.ಐ.ಆರ್.ಎಫ್. ಎಂಬ ಕಾಲೇಜು ಶ್ರೇಣಿಪಟ್ಟಿ ಹೊರಡಿಸುತ್ತ ಬಂದಿದೆ. ಅದರಲ್ಲಿ ಭಾಗವಹಿಸುವ ಕಾಲೇಜು, ಎಷ್ಟು ಜನ ಸೇರಿದರು, ಎಷ್ಟು ಜನ ಪಾಸಾದರು, ಎಷ್ಟು ಜನಕ್ಕೆ ನೌಕರಿಯಾಯಿತು, ಅವರ ನಡುಪಗಾರ ಎಷ್ಟು ಎಂಬುದನ್ನು ತುಂಬಿ ಕೊಡಬೇಕು. ಅದನ್ನು ತನ್ನ ಜಾಲತಾಣದಲ್ಲೂ ಇಡಬೇಕು. ನಡುಪಗಾರವೆಂದರೆ ನೌಕರಿ ಸಿಕ್ಕವರನ್ನೆಲ್ಲ ಪಗಾರದ ಪ್ರಕಾರ ಸಾಲಾಗಿ ನಿಲ್ಲಿಸಿದರೆ ನಟ್ಟನಡುವೆ ನಿಂತವನ ಪಗಾರ. ಅದು ಕಾಲೇಜಿನವರೇ ಬರೆದುಕೊಟ್ಟದ್ದು ಎಂಬುದನ್ನು ಮರೆಯಬಾರದು. ಆದರೂ ಬಣ್ಣದ ಪುಸ್ತಿಕೆಗಿಂತ ವಾಸಿ. ಹುಡುಗ ತನ್ನ ಮೊಬೈಲಿನಲ್ಲಿ ಹತ್ತು ನಿಮಿಷದಲ್ಲಿ ತೆಗೆದು ತೋರಿಸಬಲ್ಲ. ಆ ಪಟ್ಟಿಯಲ್ಲಿ ಹೆಸರೇ ಇಲ್ಲದ ಕಾಲೇಜು ಲಕ್ಷಗಟ್ಟಲೆ ಫೀ ಕೇಳಿದರೆ, ಏಕೆ ಇಲ್ಲವೆಂದು ಕೇಳುವ ಹಕ್ಕು ನಿಮಗಿದೆ.

ಇನ್ನು ಅಗ್ಗದ ದಾರಿಯ ಮಾತು. ತಾಲೂಕಿನ ಊರಲ್ಲಿ ಅನುದಾನಿತ ಕಾಲೇಜಿದ್ದರೆ ಬಿ.ಕಾಂ. ಓದಲು ಫೀ, ಬಸ್ಸಿನ ಪಾಸು, ಪುಸ್ತಕ ಎಲ್ಲ ಕೂಡಿ ನನ್ನ ಅಂದಾಜಿಗೆ ವರ್ಷಕ್ಕೆ ಇಪ್ಪತ್ತೈದು ಸಾವಿರ. ಮೂರು ವರ್ಷಕ್ಕೆ ಮುಕ್ಕಾಲು ಲಕ್ಷ. ಒಂದು ಎಮ್ಮೆ ಮಾರಿದರೆ ಆಗುವ ಮಾತು, ಬ್ಯಾಂಕಿನ ಮುಖ ನೋಡಬೇಕಾಗಿಲ್ಲ. ಹುಡುಗ ಸಂಜೆ ಮನೆಗೆ ಬರುತ್ತಾನೆ, ರಾಶಿಯ ದಿನಗಳಲ್ಲಿ ಕೈಗೆ ಸಿಗುತ್ತಾನೆ. ಕೂಡವೇ ಕಂಪ್ಯೂಟರಿನ ಮೇಲೆ ಲೆಕ್ಕ ಬರೆಯುವುದನ್ನೂ ಜಿ.ಎಸ್.ಟಿ. ಕಾಗದ ತುಂಬುವುದನ್ನೂ ಕಲಿಯಬೇಕು. 2017ರಲ್ಲಿ ಜಿ.ಎಸ್.ಟಿ. ಬಂದ ಮೇಲೆ ಅಡತಿ ಅಂಗಡಿ, ಗೊಬ್ಬರದಂಗಡಿ, ಒಣದ್ರಾಕ್ಷಿ ವ್ಯಾಪಾರ ಎಲ್ಲದಕ್ಕೂ ತಿಂಗಳ ಲೆಕ್ಕ ಸರಿಯಾಗಿ ಒಪ್ಪಿಸುವ ಮನುಷ್ಯ ಬೇಕು. ಇಲ್ಲಿ ನಮ್ಮ ಹುಡುಗರಿಗೆ ಪುಣೆಯವರಿಗಿಲ್ಲದ ಒಂದು ಬಂಡವಾಳವಿದೆ. ಸೊಲ್ಲಾಪುರ, ಸಾಂಗಲಿಯ ಪೇಟೆಗಳಿಗೆ ಮಾಲು ತರುವ ರೈತ ಕನ್ನಡ ಆಡುತ್ತಾನೆ, ಅಂಗಡಿಯ ಕೀರ್ದಿ ಮರಾಠಿಯಲ್ಲಿರುತ್ತದೆ. ವಿಜಯಪುರದಲ್ಲಿ ಇದೇ ಮಾತು ತಿರುಗುಮುರುಗು. ಎರಡೂ ಬಲ್ಲ ಲೆಕ್ಕಿಗ ಗಡಿಯ ಪೇಟೆಯಲ್ಲಿ ಎಲ್ಲೂ ಹಸಿದು ಕೂಡುವುದಿಲ್ಲ. ಪಗಾರ ಹನ್ನೆರಡು ಸಾವಿರದಿಂದ ಸುರುವಾದರೂ ಮನೆಯ ಊಟ, ಸಾಲವಿಲ್ಲ, ಬಾಡಿಗೆಯಿಲ್ಲ. ಪುಣೆಯ ಹದಿನೆಂಟು ಸಾವಿರದವನ ಕೈಯಲ್ಲಿ ಉಳಿಯುವುದಕ್ಕಿಂತ ಇವನ ಕೈಯಲ್ಲಿ ಉಳಿಯುವುದು ಹೆಚ್ಚು. ನಿಜವಾಗಿಯೂ ಚುರುಕಾದ ಹುಡುಗನಿಗೆ ಸಿ.ಎ. ಪರೀಕ್ಷೆಯ ದಾರಿಯೂ ಇದೆ. ಪಾಸಾಗುವುದು ಕಷ್ಟ, ಬಹಳ ಜನ ನಡುವೆಯೇ ನಿಲ್ಲುತ್ತಾರೆ. ಆದರೆ ಖರ್ಚು ಕಡಿಮೆ, ಉಮೇದವಾರಿಯ ಎರಡು ವರ್ಷ ಅಷ್ಟಿಷ್ಟು ಹಣವೂ ಬರುತ್ತದೆ.

ಹೆಣ್ಣುಮಕ್ಕಳ ಲೆಕ್ಕ ಬೇರೆಯೇ ಆಗುತ್ತದೆ. ಇದನ್ನು ಬಹಳ ಜನ ಬಲ್ಲವರಲ್ಲ. 2024-25ರಿಂದ ಮಹಾರಾಷ್ಟ್ರ ಸರಕಾರ, ವರ್ಷಕ್ಕೆ ಎಂಟು ಲಕ್ಷದೊಳಗಿನ ಉತ್ಪನ್ನವುಳ್ಳ ಇತರೆ ಹಿಂದುಳಿದ ವರ್ಗ, ಎಸ್.ಇ.ಬಿ.ಸಿ. ಮತ್ತು ಆರ್ಥಿಕವಾಗಿ ದುರ್ಬಲ ವರ್ಗಗಳ ಮನೆಯ ಹೆಣ್ಣುಮಕ್ಕಳಿಗೆ ವೃತ್ತಿಶಿಕ್ಷಣದ ಫೀಯನ್ನು ಪೂರ್ತಿ ತಾನೇ ಕೊಡುವ ಯೋಜನೆ ತಂದಿತು. ಕಟ್ಟಳೆಯೆಂದರೆ ಪ್ರವೇಶ ಸರಕಾರದ ಕೇಂದ್ರೀಕೃತ ಪದ್ಧತಿಯಿಂದಲೇ ಆಗಬೇಕು, ಕಾಲೇಜಿನ ಆಡಳಿತದವರ ಪಾಲಿನ ಸೀಟಿಗೆ ಅದು ಸಲ್ಲುವುದಿಲ್ಲ. ಬಿ.ಬಿ.ಎ. ಶಿಕ್ಷಣ ಅದೇ ವರ್ಷದಿಂದ ಅಖಿಲ ಭಾರತ ತಾಂತ್ರಿಕ ಶಿಕ್ಷಣ ಮಂಡಳಿಯ ಕೆಳಗೆ ಬಂದು, ಮಹಾರಾಷ್ಟ್ರದಲ್ಲಿ ಅದಕ್ಕೂ ಪ್ರವೇಶ ಪರೀಕ್ಷೆ ಏರ್ಪಟ್ಟಿತು. ಆ ಪರೀಕ್ಷೆಯ ತಾರೀಖು ತಪ್ಪಿಸಿಕೊಂಡವಳು ಫೀಯ ಸವಲತ್ತನ್ನೂ ತಪ್ಪಿಸಿಕೊಂಡಾಳು. ಮಗನಿಗೆ ಸಾಲ ತೆಗೆಯಲು ಓಡಾಡುವ ತಂದೆ, ಮಗಳನ್ನು ಹನ್ನೆರಡಕ್ಕೇ ಬಿಡಿಸುವ ಮೊದಲು ಈ ಒಂದು ವಿಷಯವನ್ನಾದರೂ ಕಾಲೇಜಿನಲ್ಲಿ ವಿಚಾರಿಸಬೇಕು. ತಾಳವಾಡಿ, ಹೊಸೂರಿನ ಕಡೆಯವರಿಗೆ ತಮಿಳುನಾಡು ಸರಕಾರದಿಂದ ತಿಂಗಳಿಗೆ ಸಾವಿರ ರೂಪಾಯಿಯ ನೆರವಿದೆ: ಹುಡುಗಿಯರಿಗೆ 2022ರಿಂದ, ಹುಡುಗರಿಗೆ 2024ರಿಂದ. ಅದು ಮುಖ್ಯವಾಗಿ ಆರರಿಂದ ಹನ್ನೆರಡನೆಯ ತರಗತಿಯವರೆಗೆ ಸರಕಾರಿ ಶಾಲೆಯಲ್ಲಿ ಓದಿದವರಿಗೆ. ನಡುವೆ ಖಾಸಗಿ ಶಾಲೆಗೆ ಹೋದವರು ಅದನ್ನು ಕಳೆದುಕೊಳ್ಳಬಹುದು. ಆದವಾನಿ, ರಾಯದುರ್ಗದ ಕಡೆ ಫೀ ಮರಳಿಸುವ ಯೋಜನೆ ಹಳೆಯದು. ಹಣ ತಡವಾಗಿ ಬರುತ್ತದೆಂಬ ದೂರೂ ಅಷ್ಟೇ ಹಳೆಯದು.

ಇಷ್ಟಾಗಿಯೂ ಸಾಲ ಬೇಕೇ ಬೇಕಾದರೆ ಕಾಗದ ಓದಿ ತೆಗೆಯಿರಿ. ನಾಲ್ಕು ಲಕ್ಷದವರೆಗೆ ಅಡವೂ ಬೇಡ, ಜಾಮೀನೂ ಬೇಡ. ಏಳೂವರೆ ಲಕ್ಷದವರೆಗೆ ಸರಕಾರದ ಭರವಸೆ ನಿಧಿ 2015ರಿಂದ ಇದೆ. ಅದರ ಕೆಳಗೆ ಕೊಟ್ಟ ಸಾಲಕ್ಕೆ ಮೂರನೆಯವನ ಜಾಮೀನು ಕೇಳುವಂತಿಲ್ಲ. ಹಾಗಾಗಿ ನನ್ನ ಸಹಿ ಬೇಡುವ ಬದಲು, ಈ ನಿಧಿಯ ಕೆಳಗೆ ಏಕೆ ಕೊಡುವುದಿಲ್ಲವೆಂದು ಬ್ಯಾಂಕಿನಲ್ಲಿ ಕೇಳು ಎಂದು ಅವನಿಗೆ ಹೇಳಿದೆ. ನಾಲ್ಕೂವರೆ ಲಕ್ಷದೊಳಗಿನ ಉತ್ಪನ್ನದ ಮನೆಯವರಿಗೆ ಓದುವ ಕಾಲದ ಬಡ್ಡಿಯನ್ನು ಕೇಂದ್ರ ಸರಕಾರ ಹೊರುವ ಯೋಜನೆ 2009ರಿಂದ ಇದೆ. 2024ರ ನವೆಂಬರಿನಲ್ಲಿ ಒಪ್ಪಿಗೆ ಪಡೆದ ಪಿ.ಎಂ. ವಿದ್ಯಾಲಕ್ಷ್ಮಿ ಯೋಜನೆ, ಎಂಟು ಲಕ್ಷದೊಳಗಿನ ಉತ್ಪನ್ನದವರಿಗೆ ನೂರಕ್ಕೆ ಮೂರರಷ್ಟು ಬಡ್ಡಿಯ ರಿಯಾಯಿತಿ ಕೊಡುತ್ತದೆ. ಆದರೆ ಈ ಸವಲತ್ತುಗಳು ಗೊತ್ತುಪಡಿಸಿದ ಕಾಲೇಜುಗಳಿಗೆ, ಗೊತ್ತುಪಡಿಸಿದ ಶಿಕ್ಷಣಕ್ಕೆ ಮಾತ್ರ. ವಿದ್ಯಾಲಕ್ಷ್ಮಿ ಪ್ರಕಟವಾದಾಗ ಅದರ ಪಟ್ಟಿಯಲ್ಲಿದ್ದದ್ದು ದೇಶಕ್ಕೆಲ್ಲ 860 ಸಂಸ್ಥೆಗಳು. ನಿಮ್ಮ ಹುಡುಗ ಸೇರುವ ಕಾಲೇಜು, ಅವನ ಕೋರ್ಸು ಅದರಲ್ಲಿದೆಯೆ ಎಂಬುದನ್ನು ಬ್ಯಾಂಕಿನವರಿಂದ ಬರಹದಲ್ಲಿ ಪಡೆಯದೆ ಫೀ ಕಟ್ಟಬೇಡಿ. ಓದುವಾಗಲೇ ತಿಂಗಳ ಬಡ್ಡಿ ಕಟ್ಟುತ್ತ ಹೋದರೆ ಸಾಲ ಉಬ್ಬುವುದಿಲ್ಲ, ಬಡ್ಡಿಯ ದರದಲ್ಲೂ ನೂರಕ್ಕೆ ಒಂದು ಬಿಡುವ ರೂಢಿಯಿದೆ. ಮೊದಲ ವರ್ಷ ಅದು ತಿಂಗಳಿಗೆ 1,700 ರೂಪಾಯಿಯ ಆಸುಪಾಸು. ಹಾಲು ಮಾರುವ ಮನೆಗೆ ಹೊರಲಾರದ ಭಾರವಲ್ಲ. ಆದಾಯಕರದಲ್ಲಿ ರಿಯಾಯಿತಿ ಸಿಗುತ್ತದೆಂದು ದಲಾಲಿಗಳು ಹೇಳುವ ಮಾತನ್ನು ಕಿವಿಗೆ ಹಾಕಿಕೊಳ್ಳಬೇಡಿ. ಆ ಸವಲತ್ತು ಹಳೆಯ ಪದ್ಧತಿಯಲ್ಲಿ ಕರ ಕಟ್ಟುವವರಿಗೆ. ಹದಿನೆಂಟು ಸಾವಿರದ ಪಗಾರದವನು ಕರವನ್ನೇ ಕಟ್ಟಬೇಕಾಗಿಲ್ಲ ಎಂದ ಮೇಲೆ ರಿಯಾಯಿತಿ ಯಾವುದರಲ್ಲಿ?

ಎಲ್ಲಕ್ಕಿಂತ ದೊಡ್ಡ ಮಾತು ಅಪ್ಪನ ಸಹಿ. ಶಿಕ್ಷಣದ ಸಾಲದಲ್ಲಿ ತಂದೆಯೋ ತಾಯಿಯೋ ಬರೀ ಸಾಕ್ಷಿಯಲ್ಲ, ಜೊತೆ ಸಾಲಗಾರ. ಬ್ಯಾಂಕು ಕೋರ್ಟಿಗೆ ಹೋಗದೆ ಆಸ್ತಿ ಹಿಡಿಯುವ 2002ರ ಕಾಯಿದೆ ಸಾಗುವಳಿ ಭೂಮಿಗೆ ತಾಗುವುದಿಲ್ಲ. ಆದ್ದರಿಂದ ಹೊಲಕ್ಕೆ ಭಯವಿಲ್ಲ ಎಂದು ಕೆಲವರು ಧೈರ್ಯ ಹೇಳುತ್ತಾರೆ. ಹೊಲ ಹೋಗುವುದಕ್ಕಿಂತ ಮೊದಲು ಹೋಗುವುದು ಬೇರೆ ಇದೆ. ಕಂತು ತೊಂಬತ್ತು ದಿನ ಮೀರಿತೆಂದರೆ ಸಾಲ ಕೆಟ್ಟಿತೆಂದು ದಾಖಲಾಗುತ್ತದೆ, ಜೊತೆ ಸಾಲಗಾರನಾದ ಅಪ್ಪನ ಹೆಸರಿನ ಮುಂದೆಯೂ ಆ ಕಪ್ಪು ಮಚ್ಚೆ ಬೀಳುತ್ತದೆ. ಮುಂದಿನ ಮಳೆಗಾಲಕ್ಕೆ ಅವನು ಬೆಳೆಸಾಲಕ್ಕೆ ಹೋದಾಗ ಬ್ಯಾಂಕು ಅದನ್ನೇ ಮೊದಲು ನೋಡುವುದು. ಮೂರು ಲಕ್ಷದವರೆಗಿನ ಬೆಳೆಸಾಲ ಹೊತ್ತಿಗೆ ಸರಿಯಾಗಿ ಕಟ್ಟುವವನಿಗೆ ನೂರಕ್ಕೆ ನಾಲ್ಕರ ಬಡ್ಡಿ. ಮಹಾರಾಷ್ಟ್ರದಲ್ಲಿ ರಾಜ್ಯದ ನೆರವೂ ಸೇರಿ ಅದು ಸೊನ್ನೆಗೆ ಇಳಿಯುತ್ತದೆ. ಇದು ತಪ್ಪಿತೆಂದರೆ ರೈತ ಹೋಗುವುದು ತಿಂಗಳಿಗೆ ನೂರಕ್ಕೆ ಮೂರು ತೆಗೆದುಕೊಳ್ಳುವ ಸಾವಕಾರನ ಬಾಗಿಲಿಗೆ. ಮಗನ ಪದವಿಯ ಸಾಲ ಹೊಲದ ಬೀಜಕ್ಕೆ ಮುಟ್ಟುವುದು ಈ ದಾರಿಯಿಂದ. ನಮ್ಮ ಸೊಸಾಯಿಟಿಯಲ್ಲೇ ಇಂಥದೊಂದು ಮನೆಯನ್ನು ನಾನು ಕಂಡಿದ್ದೇನೆ. ಹುಡುಗ ಕೆಟ್ಟವನಲ್ಲ, ದುಡಿಯುತ್ತಿದ್ದ. ನಡುವೆ ಎಂಟು ತಿಂಗಳು ನೌಕರಿ ತಪ್ಪಿತ್ತು, ಅಷ್ಟೇ.

ಓದನ್ನು ನಡುವೆ ನಿಲ್ಲಿಸಬಹುದಲ್ಲ ಎಂಬ ಹೊಸ ಮಾತೊಂದು ಇತ್ತಿತ್ತಲಾಗಿ ಕೇಳಿಬರುತ್ತಿದೆ. 2020ರ ಶಿಕ್ಷಣ ನೀತಿಯಂತೆ ಎರಡು ವರ್ಷ ಓದಿ ಹೊರಬಂದವನಿಗೆ ಡಿಪ್ಲೊಮಾ ಸಿಗುತ್ತದೆ. ಅಮೇರಿಕದ ಎರಡು ವರ್ಷದ ಪದವಿಗೆ ಸಾಟಿ ಎನ್ನಬಹುದು. ಕಾಗದದ ಮೇಲೆ ಚೆನ್ನಾಗಿದೆ. ಆದರೆ ನಮ್ಮ ಪೇಟೆಯಲ್ಲಿ ನೌಕರಿ ಕೊಡುವವನು ಇನ್ನೂ "ಪದವಿ ಆಗಿದೆಯೊ ಇಲ್ಲವೊ" ಎಂದೇ ಕೇಳುತ್ತಾನೆ. ಸಾಲದ ಮೂರನೆಯ ಕಂತು ಹೊರಲಾರದೆ ನಿಲ್ಲಿಸುವವನಿಗೆ ಅದು ಆಸರೆಯಾದೀತು. ಮೊದಲೇ ಅದನ್ನು ನಂಬಿ ಹೊರಡುವುದು ನನಗೆ ಸರಿಕಾಣದು.

ನಮ್ಮ ಓಣಿಯವನು ಅಂದು ಕಡತ ಕಟ್ಟಿಕೊಂಡು ಎದ್ದ. ಸಹಿ ಹಾಕಲಿಲ್ಲವೆಂದು ಅವನಿಗೆ ಒಂದಿಷ್ಟು ಬೇಸರವಾಗಿತ್ತು, ಅದು ಸಹಜ. ಹುಡುಗ ಮಾತ್ರ ಲೆಕ್ಕದ ಕಾಗದವನ್ನು ಕೇಳಿ ತೆಗೆದುಕೊಂಡು ಹೋದ. ನಾಲ್ಕು ದಿನದ ಮೇಲೆ ಬಂದು, ಆ ಕಾಲೇಜಿನಿಂದ ಹೊರಬಿದ್ದ ಇಬ್ಬರನ್ನು ಫೋನಿನಲ್ಲಿ ಹಿಡಿದೆನೆಂದೂ ಒಬ್ಬನಿಗೆ 16,000, ಇನ್ನೊಬ್ಬನಿಗೆ ಇನ್ನೂ ನೌಕರಿಯೇ ಇಲ್ಲವೆಂದೂ ಹೇಳಿದ. ಈಗ ಅವನು ಜತ್ತದಲ್ಲಿ ಬಿ.ಕಾಂ. ಎರಡನೆಯ ವರ್ಷದಲ್ಲಿದ್ದಾನೆ, ಸಂಜೆ ಒಂದು ಗೊಬ್ಬರದಂಗಡಿಯ ಲೆಕ್ಕ ಬರೆಯುತ್ತಾನೆ. ಇದು ಸರಿಯಾಯಿತೆ ಎಂಬುದು ಇನ್ನು ನಾಲ್ಕೈದು ವರ್ಷಕ್ಕೆ ತಿಳಿಯುವ ಮಾತು. ಪುಣೆಗೆ ಹೋಗಿದ್ದರೆ ದೊಡ್ಡ ಊರಿನ ಪರಿಚಯ, ಇಂಗ್ಲೀಷಿನ ಸಲಿಗೆ ಸಿಗುತ್ತಿತ್ತು ಎಂದು ಅವನ ತಂದೆ ಇಂದಿಗೂ ಅನ್ನುತ್ತಾನೆ. ಅದನ್ನು ಪೂರ್ತಿ ಅಲ್ಲಗಳೆಯಲು ನನ್ನಿಂದಾಗುವುದಿಲ್ಲ.

ಓದುಗರಲ್ಲಿ ಇಂಥ ಸಾಲ ತೆಗೆದು ತೀರಿಸಿದವರು, ತೀರಿಸುತ್ತಿರುವವರು ಇದ್ದೇ ಇರುತ್ತಾರೆ. ತೆಗೆದ ಸಾಲ, ಕಂತು ಸುರುವಾದ ದಿನ ನಿಂತ ಸಾಲ, ಮೊದಲ ಪಗಾರ, ಈಗಿನ ಪಗಾರ, ಈ ನಾಲ್ಕೇ ಅಂಕಿಗಳನ್ನು ಹೆಸರಿಲ್ಲದೆ ಒಂದು ಕಾರ್ಡಿನಲ್ಲಿ ಬರೆದು ಈ ಪುಟಕ್ಕೆ ಕಳಿಸಿದರೆ, ಮುಂದಿನ ಪ್ರವೇಶದ ದಿನಗಳ ಮೊದಲು ಎಲ್ಲವನ್ನೂ ಒಟ್ಟಿಗೆ ಅಚ್ಚು ಹಾಕಿಸಬಹುದು.